ಸಂಬಳವಿಲ್ಲದ ಸೋಮವಾರಗಳು

೩ ಜನವರಿ ೧೯೬೩, ಗುರುವಾರ

ವಿಮಾ ನಿಧಿಯ ಸ್ಥಳೀಯ ಸಮಿತಿಯು ಇಂದು ಬೆಳಿಗ್ಗೆ ಸೇರಿತ್ತು. ಕಾರ್ಮಿಕರ ಕೂಲಿಯಿಂದ ವಾರವಾರವೂ ಮುರಿದುಕೊಂಡು, ಮಾಲೀಕರ ಪಾಲನ್ನೂ ಕೂಡಿಸಿ ಕಟ್ಟಿದ ಈ ನಿಧಿ ಇರುವುದು ಕಾಯಿಲೆ ಬಿದ್ದವನಿಗೆ ಅರ್ಧ ಕೂಲಿ ಮುಟ್ಟಿಸುವುದಕ್ಕೆ. ಮೇಜು, ಕುರ್ಚಿ, ಪ್ರಯಾಣ ಭತ್ಯೆಗಳಿಗಲ್ಲ. ಸಮಿತಿಯಲ್ಲಿ ‘ಊರಿನ ಗಣ್ಯರು’ ಎಂಬ ಸ್ಥಾನ ನನ್ನದು. ನಿವೃತ್ತ ಉಪಾಧ್ಯಾಯನು ಗಣ್ಯನಾಗುವುದು ಬೇರೆ ಯಾರೂ ಸಿಗದಿದ್ದಾಗ ಎಂಬುದನ್ನು ನಾನು ಬಲ್ಲೆ.

ಬೆಂಗಳೂರಿನಿಂದ ಬಂದ ಪತ್ರವನ್ನು ಓಬಯ್ಯ ಓದಿದನು. ಅವನು ಇಲ್ಲಿಯ ಶಾಖೆಯ ವ್ಯವಸ್ಥಾಪಕ. ನನ್ನ ಕೈಯಲ್ಲಿ ಮೂರು ವರ್ಷ ಕಲಿತವನು. ನಮ್ಮ ಶಾಖೆಯ ಆಡಳಿತ ವೆಚ್ಚ ಮಿತಿಮೀರಿದೆಯೆಂದೂ, ಗಡಿಯಲ್ಲಿ ಯುದ್ಧವಾಗಿ ದೇಶವೇ ಹೊಟ್ಟೆ ಕಟ್ಟಿರುವಾಗ ಇದು ಸಲ್ಲದೆಂದೂ ಪತ್ರದ ತಾತ್ಪರ್ಯ. ಯಾವುದನ್ನು ಕಡಿಯುವುದೆಂದು ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾನು ಹರಿಹರದ ಬಾಬತ್ತನ್ನು ತೋರಿಸಿದೆ. ಅಲ್ಲಿ ಕಚೇರಿಯಿಲ್ಲ. ಹಯಾತ್ ಸಾಬ್ ಎಂಬ ಹಂಗಾಮಿ ನೌಕರರು ಪ್ರತಿ ಸೋಮವಾರ ಹೋಗಿ, ರಜೆಯಲ್ಲಿರುವ ರೋಗಿ ವೈದ್ಯರು ಹೇಳಿದಂತೆ ವಿಶ್ರಾಂತಿಯಲ್ಲಿರುವನೇ ಎಂದು ಕಣ್ಣಾರೆ ಕಂಡು, ಅರ್ಧ ಕೂಲಿಯನ್ನು ಕೈಗಿತ್ತು ಬರುತ್ತಾರೆ. ಇದಕ್ಕೆ ಸಂಬಳ, ರೈಲಿನ ಖರ್ಚು, ಸೈಕಲ್ ಭತ್ಯೆ!

“ಈ ಕೆಲಸವನ್ನು ನಾನು ಮಾಡುತ್ತೇನೆ. ಒಂದು ಕಾಸೂ ಬೇಡ” ಎಂದೆ.

“ಮೇಷ್ಟ್ರೇ, ನಿಮಗೆ ಅರವತ್ತೆರಡು” ಎಂದನು ಓಬಯ್ಯ.

“ಲೆಕ್ಕ ಶಾಲೆಯಲ್ಲಿಯೂ ನಿನಗೆ ಹತ್ತಲಿಲ್ಲ, ಬಿಡು” ಎಂದೆ. ಸಮಿತಿ ನಕ್ಕಿತು, ನಿರ್ಣಯವಾಯಿತು. ಮಾರ್ಚ್ ಕೊನೆಯವರೆಗೆ ಪ್ರಯೋಗ. ನೆಟ್ಟಗೆ ನಡೆದರೆ ಏಪ್ರಿಲ್‌ನಿಂದ ಆ ಹುದ್ದೆಯೇ ರದ್ದು. ಉಳಿದ ಊರುಗಳಲ್ಲಿಯೂ ಇದೇ ಕ್ರಮ.

ಮನೆಗೆ ಬಂದು ಹೇಳಿದರೆ ಪುಟ್ಟಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಸಂಬಳ ಕೊಡೋವಾಗ ನಿನ್ನ ಎಬ್ಬಿಸಾಕೆ ನಾನು ಚೊಂಬು ನೀರು ಚೆಲ್ಲಬೇಕಿತ್ತು, ಮೈಲಾರಿ. ಪುಕ್ಕಟೆ ಕೆಲಸಕ್ಕೆ ಕೋಳಿಗಿಂತ ಮುಂಚೆ ಏಳ್ತೀಯೇನು?” ಅಕ್ಕನಾದವಳಿಗೆ ತಮ್ಮನ ಧ್ಯೇಯ ಕಾಣುವುದಿಲ್ಲ, ತಮ್ಮನ ನಿದ್ದೆ ಮಾತ್ರ ಕಾಣುತ್ತದೆ.

ಆಡಳಿತ ವೆಚ್ಚವೆಂದರೆ ರೋಗಿಯ ಬಾಯಿಂದ ಕಸಿದ ತುತ್ತು. ಇದನ್ನು ಸಾಧಿಸಿ ತೋರಿಸುತ್ತೇನೆ.

೭ ಜನವರಿ, ಸೋಮವಾರ

ಹಯಾತ್ ಸಾಬರು ದಾವಣಗೆರೆ ನಿಲ್ದಾಣಕ್ಕೆ ಬಂದು ಚರ್ಮದ ಚೀಲವನ್ನು ಒಪ್ಪಿಸಿದರು. ಎಲೆಯಡಿಕೆ ತುಂಬಿದ ಬಾಯಿ, ಮಾತು ಕಡಿಮೆ. “ಸೈಕಲ್ ನಂದು ಸ್ವಂತದ್ದು ಸಾರ್. ಅದನ್ನ ಕೊಡಾಕಾಗಲ್ಲ.”

“ನನಗೆ ಕಾಲುಗಳಿವೆ” ಎಂದೆ. ಅವರು ಒಮ್ಮೆ ನನ್ನ ಕಾಲುಗಳನ್ನು ನೋಡಿ ಹೊರಟುಹೋದರು. ಭಾವಮೈದುನನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದ್ದಾರಂತೆ. ನನಗೆ ಅಯ್ಯೋ ಎನ್ನಿಸಲಿಲ್ಲ. ಅವರ ಮೇಲೆ ಬಂದ ದೂರುಗಳು ಓಬಯ್ಯನ ಒಂದು ಕಡತವನ್ನೇ ತುಂಬಿವೆ: ತಡವಾಗಿ ಬರುತ್ತಾರೆ, ಸೈಕಲ್ಲಿನಿಂದ ಇಳಿಯದೆಯೇ ಗಂಟೆ ಬಾರಿಸಿ ಕೂಗುತ್ತಾರೆ, ಚಿಲ್ಲರೆ ತರುವುದಿಲ್ಲ.

ಹರಿಹರದಲ್ಲಿ ಒಂಬತ್ತು ಮನೆಗಳು. ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಗುಡಿಯ ಹಿಂದಿನ ಓಣಿಯಲ್ಲಿ ಗುತ್ತೆಪ್ಪನೆಂಬ ಎರಕದ ಕೆಲಸಗಾರನಿದ್ದಾನೆ. ಎದೆಯ ಬೇನೆ, ವೈದ್ಯರು ಹಾಸಿಗೆಯಿಂದ ಏಳಕೂಡದೆಂದಿದ್ದಾರೆ. ಅವನ ಹೆಂಡತಿ ಉಚ್ಚಂಗಮ್ಮ ಅಂಗಳಕ್ಕೆ ನೀರು ಹಾಕಿ, ಚಾಪೆ ಹಾಸಿ ನಿಂತಿದ್ದಳು.

“ಬರ್ರಿ ಮೇಷ್ಟ್ರೇ, ಕೂಡ್ರಿ. ಸಂಬಳ ಇಲ್ದೆ ನಮ್ಮಂಥೋರ ಮನೀಗೆ ಬಂದೀರಂತೆ. ಎಂಥ ಪುಣ್ಯಾತ್ಮರು!”

ಹಾಲು ಕೊಟ್ಟಳು. ಗುತ್ತೆಪ್ಪ ಎದ್ದು ಗೋಡೆಗೆ ಒರಗಿ ಕೈಮುಗಿದನು. ಮುಂದಿನ ಮನೆಯಲ್ಲಿ ಚಹಾ, ಅದರ ಮುಂದಿನ ಮನೆಯಲ್ಲಿ ಉಪ್ಪಿಟ್ಟು. ಗುರುಗಳನ್ನು ಬರಿಬಾಯಲ್ಲಿ ಕಳುಹಿಸಬಾರದೆಂಬ ಸಂಸ್ಕಾರ ಈ ಜನರಲ್ಲಿ ಇನ್ನೂ ಉಳಿದಿದೆ. ಬಹಳ ಸಂತೋಷವಾಯಿತು. ಆರು ಮನೆಗಳು ಮುಗಿಯುವಷ್ಟರಲ್ಲಿ ಗಾಡಿಯ ಹೊತ್ತಾಯಿತು. ಉಳಿದ ಮೂರಕ್ಕೆ ಮುಂದಿನ ವಾರ.

೧೪ ಜನವರಿ

ಸಂಕ್ರಾಂತಿಯಾದರೂ ಹೋದೆ. ಹಯಾತ್ ಸಾಬರಾಗಿದ್ದರೆ ಹಬ್ಬದ ದಿನ ಹೋಗುತ್ತಿದ್ದರೇ? ಎಳ್ಳುಬೆಲ್ಲ, ಸಜ್ಜೆ ರೊಟ್ಟಿ, ಕಾಳುಪಲ್ಯ. ಐದು ಮನೆಗಳು.

೨೧ ಜನವರಿ

ಅಮೀನಾಬೀ ಎಂಬ ಮುದುಕಿಯ ಮಗ ಸಿಕಂದರ್ ಯಂತ್ರಕ್ಕೆ ಕೈ ಸಿಕ್ಕಿ ಎರಡು ಬೆರಳುಗಳನ್ನು ಕಳೆದುಕೊಂಡಿದ್ದಾನೆ. ಅವನ ಅರ್ಜಿಯಲ್ಲಿ ವಾಕ್ಯಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ದಿನಾಂಕವನ್ನು ಕಾಟು ಹೊಡೆದು ತಿದ್ದಿದ್ದರು. ಶುದ್ಧ ಪ್ರತಿ ಬರೆಯಿಸಿ ಇಡುವಂತೆ ಹೇಳಿ ಹಣವನ್ನು ತಡೆದೆ. ನಿಯಮದಲ್ಲಿ ಸಡಿಲು ಕೂಡದು.

“ಆಗ್ಲಿ ಮೇಷ್ಟ್ರೇ, ನೀವು ಹೇಳಿದ ಮ್ಯಾಲೆ ಸರಿನೇ ಇರ್ತೈತೆ” ಎಂದಳು ಅಮೀನಾಬೀ. ಹೀಗೆ ಒಪ್ಪುವ ಜನರೊಡನೆ ಕೆಲಸ ಮಾಡುವುದೇ ಒಂದು ಸುಖ.

ಓಬಯ್ಯ ಹೇಳಿದನು: ನಾನು ಹೋಗತೊಡಗಿದಂದಿನಿಂದ ಹರಿಹರದಿಂದ ಒಂದು ದೂರೂ ಬಂದಿಲ್ಲ.

೨೮ ಜನವರಿ

ನಾಲ್ಕು ಮನೆಗಳು. ಯಾವ ಮನೆಯಲ್ಲಿಯೂ ಅರ್ಧ ಗಂಟೆಗೆ ಮುಂಚೆ ಬಿಡುವುದಿಲ್ಲ. ಆದಕಾರಣ ವ್ಯವಸ್ಥೆಯನ್ನು ಮಾರ್ಪಡಿಸಿದ್ದೇನೆ: ಗುಡಿಯ ಕಡೆಯವರಿಗೆ ಒಂದು ವಾರ, ಹೊಳೆಯ ಕಡೆಯವರಿಗೆ ಒಂದು ವಾರ. ಹಣ ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಕೈಸೇರಿದರೆ ಅವರಿಗೂ ಉಳಿತಾಯದ ಅಭ್ಯಾಸವಾಗುತ್ತದೆ. ಎಲ್ಲರಿಗೂ ತಿಳಿಸಿದೆ. ಯಾರೂ ಆಕ್ಷೇಪಿಸಲಿಲ್ಲ.

೪ ಫೆಬ್ರವರಿ

ಜ್ವರ. ಹೋಗಲಿಲ್ಲ.

೧೧ ಫೆಬ್ರವರಿ

ರಂಜಾನ್ ನಡೆಯುತ್ತಿದೆ. ಅಮೀನಾಬೀಗೆ ಉಪವಾಸ, ಉಗುಳನ್ನೂ ನುಂಗದಂತೆ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ಒಳಗೆ ಹೋದಳು. ನಾನು ಸಿಕಂದರನ ಅರ್ಜಿಯ ಶುದ್ಧ ಪ್ರತಿಯನ್ನು ಓದುತ್ತಿದ್ದೆ. ಹಿತ್ತಲಿನ ಗೋಡೆಯ ಮೇಲಿನಿಂದ ಮಾತು ಕೇಳಿಸಿತು.

“ಒಂದು ಹಿಡಿ ಸಕ್ರಿ ಕೊಡೇ ದುರುಗವ್ವ. ಮೇಷ್ಟ್ರು ಬಂದಾರೆ.”

“ಹೋದ ಸಲದ್ದೇ ಇನ್ನೂ ಕೊಟ್ಟಿಲ್ಲ ನೀನು.”

“ಕೊಡ್ತೀನಿ. ಮಗನ ದುಡ್ಡು ಬಂದ ಮ್ಯಾಲೆ ಕೊಡ್ತೀನಿ.”

“ದುಡ್ಡು ತಂದಿರೋರು ಅವರೇ ಅಲ್ವೇನೇ? ಕೇಳು ಮತ್ತೆ!”

“ಹೆಂಗೆ ಕೇಳ್ಲಿ? ಪುಕ್ಕಟೆ ಬರೋರನ್ನ ಹೆಂಗೆ ಕೇಳ್ಲಿ?”

ಚಹಾ ಬಂತು. ಅವಳು ಎದುರಿಗೆ ಒಣಗಿದ ತುಟಿಯಲ್ಲಿ ಕುಳಿತು, ನಾನು ಕುಡಿಯುವುದನ್ನು ನೋಡುತ್ತಿದ್ದಳು. ಕುಡಿದೆ. ಹಣವನ್ನು ಪೂರ್ತಿ ಎಣಿಸಿ ಕೊಟ್ಟೆ.

ಇನ್ನು ಮುಂದೆ ಯಾರ ಮನೆಯಲ್ಲಿಯೂ ಏನನ್ನೂ ಸ್ವೀಕರಿಸುವುದಿಲ್ಲ. ಇದು ನಿಶ್ಚಯ.

೧೮ ಫೆಬ್ರವರಿ

ನಿಶ್ಚಯವನ್ನು ಪಾಲಿಸಿದೆ. ಪರಿಣಾಮ ವಿಚಿತ್ರವಾಯಿತು.

ಉಚ್ಚಂಗಮ್ಮನಿಗೆ ಕೈಯಾಡಿಸಿ ಬೇಡವೆಂದೆ. ಅವಳ ಮುಖ ಇಳಿಯಿತು. “ಯಾಕ್ರಿ? ನಮ್ಮನಿ ನೀರೂ ಆಗದೇನು ನಿಮಗ?” ಹಾಗಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗುತ್ತೆಪ್ಪನು ಹಾಸಿಗೆಯಿಂದ ಎದ್ದೇಬಿಟ್ಟನು. ಅಂಗಿ ತೊಟ್ಟು, ರುಮಾಲು ಸುತ್ತಿ, ನನ್ನ ಕೊಡೆಯನ್ನೂ ಚೀಲವನ್ನೂ ಕಿತ್ತುಕೊಂಡನು.

“ಮಲಗು, ಗುತ್ತೆಪ್ಪ. ನೀನು ಮಲಗಿರುವೆಯೋ ಎಂದು ನೋಡಲಿಕ್ಕೇ ನಾನು ಬಂದಿರುವುದು.”

“ನೋಡಿದ್ರಲ್ಲ, ಇನ್ನೇನು? ನಡೀರಿ ಗುರುಗಳೇ. ಏನೂ ಮುಟ್ಟಲ್ಲ ಅಂದ್ರಿ. ಟೇಸನ್ನಿಗೆ ಬಿಟ್ಟು ಬರೋದನ್ನೂ ಬ್ಯಾಡ ಅಂದ್ರೆ ನಾವು ಮನುಷ್ಯರಾ?”

ಬಿಸಿಲಿನಲ್ಲಿ ನಿಲ್ದಾಣದವರೆಗೂ ನಡೆದನು. ಎರಡು ಕಡೆ ನಿಂತು, ಗೋಡೆ ಹಿಡಿದು ಕೆಮ್ಮಿದನು. ಗಾಡಿ ಹೊರಡುವ ತನಕ ಪ್ಲಾಟ್‌ಫಾರಂ ಬಿಟ್ಟು ಕದಲಲಿಲ್ಲ.

೨೫ ಫೆಬ್ರವರಿ

ಹೊಳೆಯ ಕಡೆಯವರ ವಾರವಾದರೂ ಮೊದಲು ಗುತ್ತೆಪ್ಪನಲ್ಲಿಗೆ ಹೋದೆ. ಜ್ವರ ಏರಿ ಮಲಗಿದ್ದಾನೆ. ವೈದ್ಯರು ಆಗತಾನೆ ಬಂದಿದ್ದರು. “ಯಾರ್ರೀ ಇವನನ್ನ ತಿರುಗಾಡಿಸಿದವರು? ಎರಡು ತಿಂಗಳ ಔಷಧಿ ನೀರುಪಾಲು!” ಎಂದು ಗದರಿದರು.

ನಾನು ಚಾಪೆಯ ಮೇಲೆ ಕುಳಿತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಉಚ್ಚಂಗಮ್ಮ ಹೇಳಿದಳು: “ಯಾರೂ ಇಲ್ಲ ಬಿಡ್ರಿ ಡಾಕ್ಟ್ರೇ. ಇವನೇ ಬೀಡಿ ತರಾಕೆ ಹೋಗಿದ್ದ.”

ಗುತ್ತೆಪ್ಪ ಬೀಡಿ ಸೇದುವುದಿಲ್ಲ.

ವೈದ್ಯರಿಗೆ ನಿಜವನ್ನು ತಿಳಿಸಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಪೆಟ್ಟಿಗೆ ಮುಚ್ಚಿದರು.

೨೮ ಫೆಬ್ರವರಿ

ಓಬಯ್ಯ ಮನೆಗೇ ಬಂದನು, ಹಿಗ್ಗಿನಿಂದ ಇದ್ದನು. ಹರಿಹರದ ಬಾಬತ್ತಿನಲ್ಲಿ ಎರಡು ತಿಂಗಳು ಸೊನ್ನೆ ಖರ್ಚೆಂದು ಬೆಂಗಳೂರಿನವರು ಮೆಚ್ಚಿದ್ದಾರೆ. ನಾನು ಒಂದು ವರದಿ ಬರೆದುಕೊಡಬೇಕಂತೆ. ಅದರ ಆಧಾರದ ಮೇಲೆ ಏಪ್ರಿಲ್‌ನಿಂದ ಹುದ್ದೆ ರದ್ದು. ಇನ್ನೂ ಮೂರು ಊರುಗಳಲ್ಲಿ ಗೌರವ ಸೇವಕರನ್ನು ಹುಡುಕುತ್ತಾರಂತೆ.

“ಒಂದು ದೂರೂ ಇಲ್ಲ ಮೇಷ್ಟ್ರೇ! ಹಯಾತನ ಕಾಲದಲ್ಲಿ ವಾರಕ್ಕೆ ಎರಡು ಬರ್ತಿದ್ವು.”

“ಎಷ್ಟು ರೋಗಿಗಳಿಗೆ ವಾರ ವಾರವೂ ಹಣ ಮುಟ್ಟಿತು ಎಂದು ಕೇಳಿದರೇ?”

“ಅದನ್ನ ಕೇಳಿಲ್ಲ. ಖರ್ಚು ಕೇಳಿದ್ರು.”

ಊಟವಾದ ಮೇಲೆ ವರದಿಗೆ ಕುಳಿತೆ. ‘ಮಾನ್ಯರೇ’ ಎಂಬುದರಿಂದ ಮುಂದಕ್ಕೆ ಶೈಲಿ ಕೂಡಿಬರಲಿಲ್ಲ.

೨ ಮಾರ್ಚ್

ಮಂಡಕ್ಕಿ ಭಟ್ಟಿಗೆ ಹೋಗಿದ್ದೆ. ಬಿಸಿ ಮರಳು, ಹೊಗೆ, ಸಿಡಿಯುವ ಸದ್ದು. ಹಯಾತ್ ಸಾಬರು ಬನಿಯನ್ನಿನಲ್ಲಿ ಜರಡಿ ಹಿಡಿದಿದ್ದರು. ಒಂಬತ್ತು ಮನೆಗಳನ್ನೂ ಒಂದೇ ಸೋಮವಾರ ಹೇಗೆ ಮುಗಿಸುತ್ತಿದ್ದಿರಿ ಎಂದು ನೇರವಾಗಿ ಕೇಳಿದೆ. ಅವರು ನಕ್ಕರು.

“ನಂಗ್ಯಾರು ಚಾ ಕೊಡ್ತಾರೆ ಸಾರ್? ಬೈಗುಳ ಕೊಡ್ತಿದ್ರು. ಅದು ನಿಂತ್ಕಂಡೇ ತಗೋಬಹುದು, ಬೇಗ ಮುಗೀತೈತೆ.”

“ನಿಮ್ಮ ಮೇಲೆ ಅಷ್ಟು ದೂರುಗಳಿದ್ದವು.”

“ಇರ್ತಾವೆ. ಒಂದು ದಿನ ಲೇಟಾದ್ರೆ ಆ ಉಚ್ಚಂಗಮ್ಮ ಸೈಕಲ್ ಗಾಳಿ ಬಿಟ್ಟು ಕಳ್ಸಿದ್ಲು. ‘ಸಂಬಳ ಎಣಿಸ್ಕಳಾಕೆ ಲೇಟಾಗಿ ಹೋಗ್ತೀಯೇನಲೇ’ ಅಂದ್ಲು. ಮುಂದಿನ ವಾರ ನಾನು ಬಿಸಿಲೇರೋಕೆ ಮುಂಚೆ ಅಲ್ಲಿದ್ದೆ. ಭಯ ಸಾರ್, ಭಯ!”

“ವಾಪಸು ಬರುವಿರಾ?”

ಜರಡಿ ನಿಂತಿತು. “ಕರೆದ್ರೆ ಬರ್ತೀನಿ. ಪುಕ್ಕಟೆ ಅಂದ್ರೆ ಬರಲ್ಲ. ನಂಗೆ ಮೂರು ಮಕ್ಕಳು.”

ಸರಿಯಾದ ಮಾತು. ಕೆಲಸಕ್ಕೆ ಕೂಲಿ ಇರಬೇಕೆಂಬುದನ್ನು ನಾನು ಮೊದಲಿನಿಂದಲೂ ಹೇಳುತ್ತ ಬಂದವನು.

೫ ಮಾರ್ಚ್

ಸಮಿತಿಯನ್ನು ತುರ್ತಾಗಿ ಸೇರಿಸುವಂತೆ ಮಾಡಿದೆ. ವರದಿಯನ್ನು ನಿಂತು ಓದಿದೆ. ವೆಚ್ಚ ಸೊನ್ನೆಯಾಗಿಲ್ಲ, ನಿಧಿಯ ಮೈಯಿಂದ ಇಳಿದು ರೋಗಿಯ ಅಡುಗೆಮನೆಗೆ ಹೋಗಿ ಕುಳಿತಿದೆ. ಹಾಲು, ಸಕ್ಕರೆ, ಉಪ್ಪಿಟ್ಟು, ಕಾದ ದಿನಗಳು, ಗುತ್ತೆಪ್ಪನ ಎರಡು ತಿಂಗಳ ಔಷಧಿ, ಇವುಗಳಿಗೆ ಬೆಂಗಳೂರಿನಲ್ಲಿ ಬಾಬತ್ತಿಲ್ಲ. ಸಂಬಳದವನು ಆಳು, ಅವನನ್ನು ಗದರಿಸಬಹುದು. ಸಂಬಳವಿಲ್ಲದವನು ಅತಿಥಿ, ಅವನಿಗೆ ಚಾಪೆ ಹಾಸಬೇಕು. ಆದುದರಿಂದ ಹಯಾತ್ ಸಾಬರನ್ನು ಮರಳಿ ನೇಮಿಸತಕ್ಕದ್ದು.

ಗಿರಣಿ ಮಾಲೀಕರ ಪರವಾಗಿ ಬಂದಿದ್ದವರು “ಮೇಷ್ಟ್ರಿಗೆ ನಡೆದು ನಡೆದು ಸುಸ್ತಾಗಿದೆ, ಅಷ್ಟೇ” ಎಂದರು.

“ಸುಸ್ತಾದವನು ಕುಳಿತು ಓದುತ್ತಾನೆ. ನಾನು ನಿಂತಿದ್ದೇನೆ” ಎಂದೆ.

ಓಬಯ್ಯ ತಲೆ ತುರಿಸಿಕೊಂಡನು. “ನೀವು ಹೇಳೋದು ಸರಿ ಮೇಷ್ಟ್ರೇ. ಆದ್ರೆ ಹಯಾತನನ್ನ ಬಿಡುಗಡೆ ಮಾಡಿಯಾಗಿದೆ. ಏಪ್ರಿಲ್‌ಗೆ ಮುಂಚೆ ಹೊಸ ನೇಮಕದ ಹುಕುಂ ಬರಲ್ಲ. ಆಡಿಟ್‌ನವರು ನೋಡೋದು ಮಾರ್ಚಿಗೆ ಮುಗಿಯೋ ಲೆಕ್ಕದ ವರ್ಷದ ಕೊನೆಯ ಮೂರು ತಿಂಗಳನ್ನ. ಅದರಲ್ಲಿ ಸಂಬಳದ ಬಾಬತ್ತಿನಲ್ಲಿ ಸೊನ್ನೆ ಇದ್ರೆ ಮುಂದಿನ ವರ್ಷ ಆ ಬಾಬತ್ತೇ ಇರಲ್ಲ. ಮಾರ್ಚ್ ಮುಗಿಯೋದ್ರೊಳಗೆ ಯಾರಾದ್ರೂ ಆ ಕೆಲಸಕ್ಕೆ ಸಂಬಳ ತಗೊಂಡಿರಬೇಕು.”

“ಈಗ ಆ ಕೆಲಸ ಮಾಡುತ್ತಿರುವವನು ಯಾರು?”

“ನೀವೇ.”

“ಹಾಗಾದರೆ ನನಗೆ ಸಂಬಳ ಕೊಡು.”

ಒಬ್ಬರು ಕೆಮ್ಮಿದಂತೆ ನಕ್ಕರು. ನಾನು ಕುಳಿತೆ. ಪರವಿರುವವರು ಕೈಯೆತ್ತಿ ಎಂದಾಗ ಕಾರ್ಮಿಕರ ಪ್ರತಿನಿಧಿಗಳ ಕೈಗಳು ಮೊದಲು ಎದ್ದವು, ಓಬಯ್ಯನದು ಕೊನೆಗೆ. ಒಂದೇ ಕೈಯ ಅಂತರದಿಂದ ಗೆದ್ದೆವು. ನಿರ್ಣಯ ಬೆಂಗಳೂರಿಗೆ ಹೋಗುತ್ತದೆ.

೮ ಮಾರ್ಚ್

ಪುಟ್ಟಕ್ಕ ಸಂತೆಯಿಂದ ಸಿಟ್ಟಾಗಿ ಬಂದಳು. ಅಂಗಡಿಯ ಮುಂದೆ ಯಾರೋ ಆಡಿಕೊಂಡರಂತೆ: ‘ಪುಕ್ಕಟೆ ಅಂತ ಹೋಗಿ ಹಯಾತ್ ಸಾಬನ ಹೊಟ್ಟೆ ಮೇಲೆ ಹೊಡೆದು, ಈಗ ತಾನೇ ಸಂಬಳಕ್ಕೆ ಬಾಯಿ ಬಿಟ್ಟಾನೆ ಮೇಷ್ಟ್ರು.’

“ನಲವತ್ತು ವರ್ಷ ಕಾಪಾಡಿದ ಹೆಸರು, ಮೈಲಾರಿ!”

“ಹೆಸರು ನನ್ನದು. ಖರ್ಚು ಮಾಡಲು ನನಗೆ ಅಧಿಕಾರವಿದೆ” ಎಂದೆ. ಆದರೂ ಸಂಜೆ ಗ್ರಂಥಾಲಯಕ್ಕೆ ಹೋಗಲಿಲ್ಲ.

೧೧ ಮಾರ್ಚ್

ಹರಿಹರ. ವಾರದ ಸರದಿಯನ್ನು ಕೈಬಿಟ್ಟು ಮನೆಮನೆಯಲ್ಲೂ ಹೇಳಿದೆ: ಈಗ ನಾನು ಸಂಬಳದವನು. ನಂಬಲಿಲ್ಲ. ಉಚ್ಚಂಗಮ್ಮ “ಚಾ ತಪ್ಪಿಸ್ಕಳಾಕೆ ಸುಳ್ಳು ಹೇಳ್ತೀರಿ, ಕೂಡ್ರಿ” ಎಂದು ಚಾಪೆ ಹಾಸಿದಳು. ಗುತ್ತೆಪ್ಪ ಎದ್ದು ಕೂಡಲು ಹೆಣಗಿದನು, ಕೂಡಲೇ ಹೊರಬಿದ್ದೆ.

೨೦ ಮಾರ್ಚ್

ಹದಿನೈದು ದಿನಗಳ ಸಂಬಳವನ್ನು ರೆವಿನ್ಯೂ ಸ್ಟಾಂಪಿನ ಮೇಲೆ ರುಜು ಮಾಡಿ ಪಡೆದೆ. ಅಕ್ಷರ ಕೆಡಲಿಲ್ಲ.

ಮಠಕ್ಕೋ ರಕ್ಷಣಾ ನಿಧಿಗೋ ಕೊಟ್ಟುಬಿಟ್ಟರೆ ಊರಿನ ಬಾಯಿ ಮುಚ್ಚುತ್ತದೆಂದು ಪುಟ್ಟಕ್ಕನ ಸಲಹೆ. ಒಪ್ಪಲಿಲ್ಲ. ದಾನ ಮಾಡಿದೆನೆಂದರೆ ಮತ್ತೆ ಪುಕ್ಕಟೆಯಾಯಿತು. ಒಂದು ಜೊತೆ ಗಟ್ಟಿ ಚಪ್ಪಲಿ ಕೊಂಡೆ; ಉಳಿದದ್ದು ಮನೆಯ ಜೋಳಕ್ಕೆ. ಜೋಳ ಚೆನ್ನಾಗಿದೆ ಎಂದಳು ಪುಟ್ಟಕ್ಕ, ಮುಖ ತಿರುಗಿಸಿಕೊಂಡೇ.

೨೩ ಮಾರ್ಚ್

ಬೆಂಗಳೂರಿನಿಂದ ಉತ್ತರ ಬಂದಿದೆ. ಹರಿಹರದ ಹುದ್ದೆ ಮುಂದಿನ ವರ್ಷಕ್ಕೂ ಮಂಜೂರು. ಏಪ್ರಿಲ್ ಒಂದರಿಂದ ಹಯಾತ್ ಸಾಬರು. ಉಳಿದ ಮೂರು ಊರುಗಳ ಹುದ್ದೆಗಳನ್ನು ಸದ್ಯಕ್ಕೆ ಮುಟ್ಟುವುದಿಲ್ಲವಂತೆ. ನಮ್ಮ ಶಾಖೆಗೆ ಮಾತ್ರ ‘ಮಿತವ್ಯಯದಲ್ಲಿ ಆಸಕ್ತಿ ಸಾಲದು’ ಎಂದು ಒಂದು ಛೀಮಾರಿ. ಅದನ್ನು ಓಬಯ್ಯ ನನಗೆ ತೋರಿಸಬಾರದೆಂದಿದ್ದನು. ನಾನೇ ಕೇಳಿ ಓದಿದೆ.

೨೫ ಮಾರ್ಚ್, ಸೋಮವಾರ

ನನ್ನ ಕೊನೆಯ ಸೋಮವಾರ. ದಾವಣಗೆರೆಯ ಆಡಿಕೊಳ್ಳುವ ಬಾಯಿಗಳು ಹರಿಹರಕ್ಕೂ ಬಂದು ಹೋಗಿದ್ದವು. ನಾನು ಹೇಳಿದಾಗ ನಂಬದಿದ್ದವರು ಅವುಗಳನ್ನು ನಂಬಿದ್ದರು.

ಅಮೀನಾಬೀ ಹೊಸಿಲಲ್ಲೇ ತಡೆದಳು. “ನನ್ನ ಮಗನ ಕಾಗದ ಚಂದ ಇಲ್ಲ ಅಂತ ದುಡ್ಡು ನಿಲ್ಲಿಸಿದ್ರಲ್ಲ ಮೇಷ್ಟ್ರೇ, ಆ ಮೂರು ವಾರ ನಾವು ಕಾಗದ ತಿನ್ನಬೇಕಿತ್ತೇನು?” ತಿನ್ನಬೇಕಾಗಿರಲಿಲ್ಲ ಎಂದೆ. “ಮತ್ತೆ!” ಎಂದು ಹಣ ಎಣಿಸಿಕೊಂಡು ಒಳಗೆ ಹೋದಳು. ಹೊಳೆಯ ಕಡೆಯವನೊಬ್ಬನು ಓಬಯ್ಯನಿಗೆ ಬರೆಯಿಸಿದ ದೂರನ್ನು, ಅಂಚೆಯ ಖರ್ಚು ಉಳಿಯಲೆಂದು, ನನ್ನ ಕೈಯಲ್ಲೇ ಕೊಟ್ಟು ಕಳುಹಿಸಿದನು. ದೂರು ನನ್ನ ಮೇಲೆಯೇ. ಸಂಗತಿಗಳು ನಿಜ. ತಲುಪಿಸುತ್ತೇನೆ.

ಉಚ್ಚಂಗಮ್ಮ ಅಂಗಳದಲ್ಲಿ ನಾಳೆಯ ಯುಗಾದಿಗೆ ಬೇಳೆ ಕೇರುತ್ತಿದ್ದಳು. ಮೊರವನ್ನು ಕೆಳಗಿಡಲಿಲ್ಲ. ಬಿಸಿಲಿನಲ್ಲಿ ನಿಂತೆ.

“ಸಂಬಳ ತಗಂಡೀರಂತೆ?”

“ತೆಗೆದುಕೊಂಡಿದ್ದೇನೆ.”

“ಮತ್ತೆ ಹೊತ್ತು ನೆತ್ತಿಗೆ ಬಂದ ಮ್ಯಾಲೆ ಬರ್ತೀರಲ್ರಿ! ಔಷಧಿ ಅಂಗಡಿ ಮುಚ್ಚೋ ಹೊತ್ತಾತು. ನಾನು ಯಾವಾಗ ತರಬೇಕು, ಇವನಿಗೆ ಯಾವಾಗ ಕುಡಿಸಬೇಕು? ಅತ್ಲಾಗಿ ಹಯಾತನೇ ವಾಸಿ, ಬೈದ್ರೆ ಬೇಗನಾದ್ರೂ ಬರ್ತಿದ್ದ!”

ತಪ್ಪಾಯಿತೆಂದೆ. ಹಣ ಕೊಟ್ಟು, ಗುತ್ತೆಪ್ಪನನ್ನು ನೋಡಲು ಬಾಗಿಲಲ್ಲಿ ಇಣುಕಿದೆ. ನನ್ನ ದನಿ ಕೇಳಿ ಅವನು ಕಂಬಳಿ ಸರಿಸಿ, ಮೊಣಕೈ ಊರಿ ಏಳುತ್ತಿದ್ದನು.

ಉಚ್ಚಂಗಮ್ಮ ಮೊರದಿಂದ ಕಣ್ಣೆತ್ತದೆ ಕೂಗಿದಳು: “ಏಳಬ್ಯಾಡ, ಮಲಕ್ಕ. ಸಂಬಳದೋರು ಬಂದಾರೆ, ಅಷ್ಟೇ.”

ಗುತ್ತೆಪ್ಪ ಕಂಬಳಿ ಎಳೆದುಕೊಂಡು ಮಲಗಿದನು. ವಿಶ್ರಾಂತಿಯಲ್ಲಿದ್ದಾನೆ ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆದೆ.